ಏಳನೇ ಟ್ಯಾಂಕಿನ ಬೋಲ್ಟು

“ನೀನಾ? ಯಾಕೆ ಬಂದೆ?”

ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆಯುತ್ತಿದ್ದವಳ ಕೈ ನಿಂತೇಹೋಯಿತು. ಬಾಗಿಲಲ್ಲಿ ಇವಳ ಹಳೇ ಕಾರ್ಖಾನೆಯ ಫಿಟ್ಟರ್! ಎರಡು ವರ್ಷದ ಹಿಂದೆ ಇವಳನ್ನು ಮದುವೆಯಾಗಬೇಕಿದ್ದವನು... ಎಲ್ಲರೆದುರು ಇವಳ ಮಾನ ಕಳೆದವನು.

“ಐದೇ ನಿಮಿಷ, ಹುಳಿಯಮ್ಮಾ...”

“ಆ ಹೆಸರಲ್ಲಿ ಕರೀಬೇಡ!”

ಕಾರ್ಖಾನೆಯವರು ತಮಾಷೆಗೆ ಇಟ್ಟ ಹೆಸರದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಕಪ್ಪು ಬೂಷ್ಟು ಹಾಕಿ, ಹುದುಗಿಸಿ, ಸಿಟ್ರಿಕ್ ಆಮ್ಲ ತೆಗೆಯುತ್ತಿದ್ದರು ಅಲ್ಲಿ. ಆ ಬೂಷ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸುತ್ತಿದ್ದವಳು ಇವಳು.

ಒಂದು ಸಲ ಏಳನೇ ಟ್ಯಾಂಕಿನಲ್ಲಿ ಬೂಷ್ಟು ಸೊಂಪಾಗಿ ಬೆಳೆಯಿತು, ಹುಳಿ ಮಾತ್ರ ಹುಟ್ಟಲಿಲ್ಲ. ಮ್ಯಾನೇಜರು ಕೆಂಡವಾದರು.

“ಟ್ಯಾಂಕ್ ಸರಿ ಇದೆ ಸಾರ್, ನಾನೇ ರಿಪೇರಿ ಮಾಡಿದ್ದು,” ಎಂದ ಫಿಟ್ಟರ್ ಇವಳತ್ತ ತಿರುಗಿದ್ದ. “ಬೂಷ್ಟು ಹಾಕೋವಾಗ ನೀನು ಕೈ ಸರಿಯಾಗಿ ತೊಳೆದಿದ್ಯಾ?”

ಅಷ್ಟೇ! ಇವಳ ಕೆಲಸ ಹೋಯಿತು. ಮತ್ತೆ ನಷ್ಟವಾದೀತೆಂದು ಟ್ಯಾಂಕಿಗೂ ಬೀಗ ಬಿತ್ತು. ಮದುವೆಯನ್ನು ಇವಳೇ ಮುರಿದಳು. ಅಪ್ಪ ಈಗಲೂ ಊಟಕ್ಕೆ ಕೂತಾಗ ಕೇಳುತ್ತಾರೆ, “ಅವತ್ತು ಕೈ ತೊಳೆದಿದ್ದೆ ತಾನೇ, ಮಗಳೇ?”

ಫಿಟ್ಟರ್ ಮೇಜಿನ ಮೇಲೆ ತುಕ್ಕು ಹಿಡಿದ ಬೋಲ್ಟೊಂದನ್ನಿಟ್ಟ.

“ಮತ್ತೆ ಶುರು ಮಾಡೋಕೆ ಅಂತ ನಿನ್ನೆ ಆ ಟ್ಯಾಂಕ್ ಬಿಚ್ಚಿದೆ. ಒಳಗೆ ಇದಿತ್ತು. ಸ್ಟೀಲಿಂದು ಹಾಕ್ಬೇಕಿತ್ತು, ಕಬ್ಬಿಣದ್ದು ಹಾಕಿದ್ದೆ. ರಿಪೇರಿ ದಿನ ಸಂಜೆ ಮದುವೆ ಮಾತಿಗೆ ನಿಮ್ಮಪ್ಪನ್ನ ನೋಡೋಕೆ ಬರ್ಬೇಕಿತ್ತಲ್ಲ... ಆತುರದಲ್ಲಿ ಕೈಗೆ ಸಿಕ್ಕಿದ್ದು ಬಿಗಿದುಬಿಟ್ಟೆ.”

ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಚೂರು ಕಬ್ಬಿಣ ಕರಗಿದರೂ ಸಾಕು, ಆ ಬೂಷ್ಟು ಅದನ್ನು ತಿಂದು ಕೊಬ್ಬುತ್ತದೆ, ಹುಳಿ ಮಾತ್ರ ಕೊಡುವುದಿಲ್ಲ.

‘ನನ್ನ ಕೈ ಸ್ವಚ್ಛವಾಗಿತ್ತು... ಸ್ವಚ್ಛವಾಗಿತ್ತು!’

“ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಎಸೆದುಬಿಡ್ಬೇಕಿತ್ತು,” ಎಂದಳು ಕಹಿಯಾಗಿ.

“ಮ್ಯಾನೇಜರಿಗೆ ಬರೆದು ಕೊಟ್ಟೆ. ಕೆಲಸದಿಂದ ತೆಗೆದ್ರು.”

“ಒಳ್ಳೇದಾಯ್ತು!”

ಹೇಳಿದ ಮೇಲೆ ಅಳು ಉಕ್ಕಿಬಂತು. ಇಷ್ಟು ಶಪಿಸಿಯೂ ಈ ಹಾಳಾದವನನ್ನು ಮನಸ್ಸಿನಿಂದ ಕಿತ್ತೆಸೆಯಲು ಅವಳಿಗೆ ಆಗಿರಲಿಲ್ಲ.

“ತಪ್ಪು ಯಾರಾದ್ರೂ ಮಾಡ್ತಾರೆ ಕಣೋ. ಟ್ಯಾಂಕನ್ನೂ ಒಂದ್ಸಲ ನೋಡೋಣ ಅಂತ ನಿನ್ನ ಬಾಯಲ್ಲಿ ಬರ್ಲಿಲ್ವಲ್ಲ...”

“ಬರ್ಲಿಲ್ಲ. ನನ್ನ ಕೆಲಸನ ನಂಬಿದಷ್ಟು ನಿನ್ನ ನಂಬ್ಲಿಲ್ಲ. ಈಗ್ಲೂ ನೀನಂದ್ರೆ ಪ್ರಾಣ. ಬೇಡ ಅಂದ್ರೆ ಹೋಗ್ತೀನಿ.”

ಮಧ್ಯಾಹ್ನದ ಬೆಲ್ ಹೊಡೆಯಿತು. ಅವನ ಬೆರಳಿಗೆಲ್ಲ ತುಕ್ಕು ಮೆತ್ತಿತ್ತು. ಅವಳು ನಲ್ಲಿ ತಿರುಗಿಸಿ ಸೋಪನ್ನು ಅವನತ್ತ ತಳ್ಳಿದಳು.

“ಕೈ ತೊಳ್ಕೋ. ಅಪ್ಪ ಊಟಕ್ಕೆ ಕಾಯ್ತಿರ್ತಾರೆ. ಆ ಬೋಲ್ಟ್ ತಂದು ಅವರ ಮುಂದೆ ಇಟ್ಟು, ಎಲ್ಲಾ ಹೇಳು. ನಮ್ಮ ವಿಷಯ ಆಮೇಲೆ.”

“ಆಮೇಲೆ ಅನ್ನೋದು... ಇದೆಯಾ, ಹುಳಿಯಮ್ಮಾ?”

ಈ ಸಲ ಅವಳು ಆ ಹೆಸರಿಗೆ ಸಿಡುಕಲಿಲ್ಲ.

“ಇಲ್ದಿದ್ರೆ ಸೋಪ್ ಯಾಕೆ ಕೊಡ್ಲೋ, ದಡ್ಡ? ಸರಿಯಾಗಿ ತೊಳ್ಕೋ.”