ದೀನೆಗೆ ಕರೆದ ಭಾನುವಾರ

ಬುಧವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಸೊಲೆನ್ ಬಸ್ ಹತ್ತಿದಳು. ನನ್ನ ಮುಖ ನೋಡಲಿಲ್ಲ. ಶನಿವಾರದವರೆಗೂ ಬಾಯ್ತುಂಬ "ರೆಮಿ" ಎಂದು ಕರೆಯುತ್ತಿದ್ದವಳು, "ಬೊಂಜೂರ್, ಮೊಸ್ಯೋ," ಎಂದಳು.

ನಾನೇನು ಕಮ್ಮಿ ಇಲ್ಲ. "ಮೆಟ್ಟಿಲ ಮೇಲೆ ನಿಲ್ಬೇಡಿ ಮದಾಮ್, ಬಾಗಿಲು ಹಾಕ್ಬೇಕು," ಎಂದೆ. ಕ್ವಿಬೆಕ್ ಪ್ರಾಂತ್ಯದವರು ನಾವು, ಪರಿಚಯವಾದ ಐದು ನಿಮಿಷಕ್ಕೇ 'ನೀನು' ಎನ್ನುವ ಜನ. ಬೇಕೆಂದೇ 'ನಿಲ್ಬೇಡಿ' ಎಂದೆ. ಅವಳಿಗೆ ಚುಚ್ಚಿತು. ಚುಚ್ಚಲಿ ಅಂತಲೇ ಅಂದದ್ದು.

ಅವಳು ಗೈಡ್, ನಾನು ಡ್ರೈವರ್. ಮಾಂಟ್ರಿಯಲ್‌ನಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಕ್ವಿಬೆಕ್ ನಗರ ತೋರಿಸಿ ಅದೇ ದಿನ ವಾಪಸ್ ಕರೆತರುವುದು ಕೆಲಸ. ಇಬ್ಬರೂ ಹೊಸಬರೇ. ನಾನು ಹನ್ನೆರಡು ವರ್ಷ ಬೋಸ್ ಕಡೆಯ ಹಳ್ಳಿಗಳಲ್ಲಿ ಹಾಲಿನ ಟ್ಯಾಂಕರ್ ಓಡಿಸಿದವನು, ಈ ಬೇಸಿಗೆಗೆ ಬಸ್ಸಿಗೆ ಬಂದೆ. ಅವಳು ಫ್ರಾನ್ಸಿನ ನಾಂತ್ ಊರಿನವಳು, ಬಂದು ಎರಡು ವಾರವೂ ಆಗಿರಲಿಲ್ಲ. ಅವಳದ್ದೂ ಫ್ರೆಂಚ್, ನನ್ನದೂ ಫ್ರೆಂಚ್. ಆದರೂ ನಾನು ಮಾತಾಡಿದರೆ ತಲೆ ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ, ತುಟಿ ಕಚ್ಚಿಕೊಂಡು ಕೇಳುತ್ತಿದ್ದಳು. "ಇನ್ನೊಂದ್ಸಲ ಹೇಳಿ ರೆಮಿ, ಅರ್ಧ ನುಂಗಿಬಿಟ್ರಿ," ಎಂದು ನಗುತ್ತಿದ್ದಳು. ಆ ನಗು ನೋಡಲೆಂದೇ ನಾನು ಒಂದಿಷ್ಟು ಜಾಸ್ತಿ ನುಂಗುತ್ತಿದ್ದೆ.

ಶನಿವಾರ ಡಿಪೋದಲ್ಲಿ ಧೈರ್ಯ ಮಾಡಿದೆ. "ನಾಳೆ ದೀನೆಗೆ ಬರ್ತೀಯಾ? ಚರ್ಚ್ ಮೂಲೇಲಿ ಒಂದು ಸಣ್ಣ ಹೋಟೆಲಿದೆ, ಅವರ ಬೀನ್ಸ್ ತಿಂದ್ರೆ ನೀನು ನಾಂತ್ ಮರೆತುಬಿಡ್ತೀಯ."

ದೀನೆ ಅಂದರೆ ಊಟ. ಅವಳ ಕಿವಿ ಕೆಂಪಾಯಿತು. "ಬರ್ತೀನಿ," ಎಂದಳು. ಎರಡು ಹೆಜ್ಜೆ ಹೋಗಿ, ತಿರುಗಿ, "ಖಂಡಿತ ಬರ್ತೀನಿ," ಎಂದಳು.

ಬರಲಿಲ್ಲ. ಕೈ ಕೊಟ್ಟಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡೂವರೆ ಗಂಟೆ ಕೂತೆ. ಬಡಿಸುವ ಹೆಂಗಸು ನಾಲ್ಕನೇ ಸಲ ಕಾಫಿ ತುಂಬಿಸಿ, "ಪಾಪ," ಎಂದು ಹೋದಳು. ಆ 'ಪಾಪ' ಕೇಳಿ ನನಗೆ ಮೈ ಎಲ್ಲ ಉರಿದುಹೋಯಿತು.

ಅದಾದಮೇಲೆ ಇದೇ ಮೊದಲ ಟ್ರಿಪ್. ಬೆಳಿಗ್ಗೆ ಬೀಗದಕೈ ಕೊಡುವಾಗ ಮ್ಯಾನೇಜರ್ ಜಿನೆಟ್ ನನ್ನನ್ನು ಪಕ್ಕಕ್ಕೆ ಕರೆದಿದ್ದಳು. "ಆ ಹುಡುಗಿ ಪ್ರೊಬೇಷನ್ ಇವತ್ತಿಗೆ ಮುಗೀತು ಕಣೋ. ಇದ್ರೆ ಅಕ್ಟೋಬರ್‌ವರೆಗೆ ಕೆಲಸ, ಇಲ್ಲಾಂದ್ರೆ ಶುಕ್ರವಾರ ವಿಮಾನ ಹತ್ತುತ್ತಾಳಂತೆ. ಸಂಜೆ ಫೋನ್ ಮಾಡಿ ಹೇಳ್ತೀನಿ ಅಂದಿದ್ದಾಳೆ. ಹೋದ ವಾರ ಕುಣೀತಿದ್ದವಳಿಗೆ ಏನಾಯ್ತು? ನೀನೇನಾದ್ರೂ ಅಂದ್ಯಾ?"

"ನಾನ್ಯಾಕನ್ಲಿ? ಹೋದ್ರೆ ಹೋಗ್ಲಿ," ಎಂದೆ. ಬಸ್ಸಿನವರೆಗೆ ನಡೆದು ಬರುವಷ್ಟರಲ್ಲಿ ಶುಕ್ರವಾರಕ್ಕೆ ಇನ್ನೆಷ್ಟು ದಿನ ಅಂತ ಎರಡು ಸಲ ಎಣಿಸಿದ್ದೆ.

ಬಸ್ ತುಂಬ ಮೂವತ್ತೆರಡು ಜನ, ಎಲ್ಲ ಫ್ರಾನ್ಸಿನ ದಿಜೋಂ ಕಡೆಯ ರಿಟೈರಾದವರು. ಸೊಲೆನ್ ಮೈಕ್ ಹಿಡಿದು ಹಳೆಯ ಕೋಟೆ, ಹಳೆಯ ಯುದ್ಧ ಎಲ್ಲ ಹೇಳಿದಳು. ಧ್ವನಿ ಮಾತ್ರ ಚಳಿ ಹಿಡಿದಂತಿತ್ತು. ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ಕದ್ದು ನೋಡಿದೆ. ಅವಳೂ ಕನ್ನಡಿಯನ್ನೇ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೇ ಕಣ್ಣು ಬೇರೆ ಕಡೆ ತಿರುಗಿಸಿದೆವು.

ಮುಂದಿನ ಸೀಟಿನಲ್ಲಿ ಮದಾಮ್ ಪೆರ್ರೋ ಎಂಬ ಅಜ್ಜಿ ಕೂತಿದ್ದಳು. ಎಂಬತ್ತು ದಾಟಿದರೂ ಕಣ್ಣು ಮಾತ್ರ ಚುರುಕು. "ನೀವಿಬ್ರೂ ಗಂಡ ಹೆಂಡ್ತೀನಾ?" ಎಂದು ಕೇಳಿಯೇಬಿಟ್ಟಳು.

"ಅಲ್ಲ!" ಎಂದೆವು ಇಬ್ಬರೂ.

"ಮತ್ಯಾಕೆ ಇಷ್ಟೊಂದು ಜಗಳ?"

"ಜಗಳ ಎಲ್ಲಿ ಮದಾಮ್? ನಾವು ಮಾತೇ ಆಡ್ತಿಲ್ವಲ್ಲ," ಎಂದೆ.

"ಅದೇ ನಾನು ಹೇಳ್ತಿರೋದು. ಮಾತಿಲ್ದೆ ಇಷ್ಟು ಚೆನ್ನಾಗಿ ಜಗಳ ಆಡೋಕೆ ನನಗೂ ನಮ್ಮೆಜಮಾನ್ರಿಗೂ ಮೂವತ್ತು ವರ್ಷ ಹಿಡೀತು."

ಸೊಲೆನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ನಾನು ದಾರಿ ನೋಡಬೇಕಿತ್ತು.

ಹತ್ತಕ್ಕೆ ಕ್ವಿಬೆಕ್ ನಗರ ತಲುಪಿದೆವು. ಮೇ ತಿಂಗಳಾದರೂ ಗೋಡೆ ಮರೆಯಲ್ಲಿ ಕೊಳಕು ಹಿಮದ ಗುಡ್ಡೆಗಳಿದ್ದವು. ಅವಳು ಜನರನ್ನು ಕರೆದುಕೊಂಡು ಮೇಲೂರಿಗೆ ಹತ್ತಿಹೋದಳು. ನಾನು ಬಂದರಿನ ಹತ್ತಿರ ಬಸ್ ನಿಲ್ಲಿಸಿ ಗಾಜು ಒರೆಸುತ್ತಿದ್ದೆ. ಹನ್ನೆರಡೂ ಇಪ್ಪತ್ತಕ್ಕೆ ಫೋನ್ ಬಂತು. ಕೆಳಗಿನ ಬೀದಿಯಲ್ಲಿ ಹೋಟೆಲ್ ನಡೆಸುವ ಡೋರಿಸ್.

"ರೆಮಿ, ನಿನ್ನ ಮೂವತ್ತೆರಡು ಜನ ಏನು ನದಿಗೆ ಬಿದ್ರಾ? ಬಟಾಣಿ ಸೂಪು ಬಟ್ಟಲಿಗೆ ಹಾಕಿ ಇಪ್ಪತ್ತು ನಿಮಿಷ ಆಯ್ತು! ಒಂದು ನರಪಿಳ್ಳೆ ಇಲ್ಲ!"

ಹಿಂದಿನ ಟ್ರಿಪ್‌ಗಳಲ್ಲಿ ಊಟ ಅವರವರ ಪಾಡು. ಈ ಸಲ ಮಾತ್ರ ಜಿನೆಟ್ ಗೈಡ್ ಚೀಟಿಯಲ್ಲಿ 'ದೀನೆ: ಡೋರಿಸ್ ಹೋಟೆಲ್, ಎಲ್ಲರಿಗೂ' ಎಂದು ಬರೆದಿದ್ದಳು. ಸೊಲೆನ್‌ಗೆ ಫೋನ್ ಮಾಡಿದೆ, ಕಟ್ ಮಾಡಿದಳು. ಮತ್ತೆ ಮಾಡಿದೆ, ಮತ್ತೆ ಕಟ್. ನನ್ನ ಹೆಸರು ನೋಡಿಯೇ ಕಟ್ ಮಾಡುತ್ತಿದ್ದಾಳೆ ಅಂತ ಗೊತ್ತಾಯಿತು. ಬಸ್ಸಿಗೆ ಬೀಗ ಹಾಕಿ ಓಡಿದೆ.

ಕೆಳಗಿನ ಊರಿಂದ ಮೇಲೂರಿಗೆ ಮೆಟ್ಟಿಲು ಹತ್ತುವುದು ಹಾಲಿನ ಟ್ಯಾಂಕರ್ ಹೊಟ್ಟೆಯವನಿಗೆ ಹೇಳಿ ಮಾಡಿಸಿದ್ದಲ್ಲ. ಮೇಲೆ ಹೋಗುವಷ್ಟರಲ್ಲಿ ಏದುಸಿರು. ನದಿಯ ಮೇಲಿನ ಮರದ ಹಾಸಿನ ಕಟ್ಟೆಯಲ್ಲಿ, ಒಂದು ಬೆಂಚಿನ ಮೇಲೆ ಸೊಲೆನ್ ಒಬ್ಬಳೇ ಕೂತು ಸೇಬು ತಿನ್ನುತ್ತಿದ್ದಳು. ಗಾಳಿಗೆ ಕೂದಲೆಲ್ಲ ಮುಖದ ಮೇಲೆ. ಅಷ್ಟು ಸಿಟ್ಟಿನಲ್ಲೂ ನನಗೆ ಆ ಕೂದಲು ಸರಿಸಬೇಕು ಅನ್ನಿಸಿತು, ನೋಡಿ.

"ಜನಾನ ಎಲ್ಲಿ ಬಿಟ್ರಿ? ದೀನೆಗೆ ಡೋರಿಸ್ ಕಾಯ್ತಿದ್ದಾಳೆ!"

ಅವಳು ವಾಚ್ ನೋಡಿಕೊಂಡಳು. "ಅವ್ರನ್ನ ಸುತ್ತಾಡೋಕೆ ಬಿಟ್ಟಿದ್ದೀನಿ. ಡೋರಿಸ್ ಈಗ್ಲೇ ಯಾಕೆ ಕಾಯ್ತಾಳೆ? ಆರೂವರೆಗೆ ಎಲ್ಲರನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀನಿ, ಇವತ್ತು ಊಟ ಮುಗಿಸಿಯೇ ವಾಪಸ್ ಹೊರಡೋದಲ್ವಾ."

"ಆರೂವರೆಗೆ ಯಾವ ದೀನೆ? ಆರೂವರೆಗೆ ತಿಂದ್ರೆ ಅದು ಸೂಪೆ, ರಾತ್ರಿ ಊಟ!"

"ಸೂಪೆ ಅಂತ ನಮ್ಮಜ್ಜಿ ಅಂತಾರೆ. ರಾತ್ರಿ ಊಟಕ್ಕೆ ದೀನೆ ಅಂತಾರೆ ಮೊಸ್ಯೋ, ಪ್ರಪಂಚಕ್ಕೆಲ್ಲ ಗೊತ್ತು."

"ಯಾವ ಪ್ರಪಂಚಕ್ಕೆ? ದೀನೆ ಮಧ್ಯಾಹ್ನದ್ದು! ನಮ್ಮಪ್ಪ, ನಮ್ಮಜ್ಜ, ಊರಿಗೆ ಊರೇ ಮಧ್ಯಾಹ್ನ ಹನ್ನೆರಡಕ್ಕೆ ದೀನೆ ಮಾಡುತ್ತೆ!"

"ಮಧ್ಯಾಹ್ನದ್ದು ದೆಜೂನೆ!"

"ದೆಜೂನೆ ಬೆಳಗಿನ ತಿಂಡಿ!"

ಹತ್ತಿರದಲ್ಲಿ ಫೋಟೊ ತೆಗೆಯುತ್ತಿದ್ದವರು ಕ್ಯಾಮೆರಾ ಇಳಿಸಿ ನಮ್ಮನ್ನೇ ನೋಡತೊಡಗಿದರು. ಸೊಲೆನ್ ಇನ್ನೇನೋ ಹೇಳಲು ಬಾಯಿ ತೆರೆದು ಬೆಂಚಿನಿಂದ ಎದ್ದವಳು ಹಾಗೇ ನಿಂತುಬಿಟ್ಟಳು. ಸೇಬು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. 

"ಭಾನುವಾರ," ಎಂದಳು. "ಭಾನುವಾರ ನೀನು ಎಲ್ಲಿದ್ದೆ?"

ಆ 'ನೀನು' ಅವಳ ಬಾಯಿಂದ ಮೊದಲ ಸಲ ಬಂದಿತ್ತು.

"ಹನ್ನೆರಡರಿಂದ ಎರಡೂವರೆವರೆಗೆ ಹೋಟೆಲಲ್ಲಿ. ಬಾಗಿಲನ್ನೇ ನೋಡ್ತಾ. ನೀನು?"

"ಏಳೂವರೆಗೆ ಬಂದೆ. ಬೀಗ ಹಾಕಿತ್ತು. ಹಸಿರು ಫ್ರಾಕ್, ತೆಳ್ಳನೆ ಶೂ. ಚಳೀಲಿ ಒಂದು ಗಂಟೆ ನಿಂತೆ. ಎದುರು ಮನೆಯಾತ ಬಂದು, ಏನಮ್ಮಾ ದಾರಿ ತಪ್ಪಿದ್ಯಾ, ಆ ಹೋಟೆಲ್ ಮೂರಕ್ಕೇ ಮುಚ್ತಾರಲ್ಲ ಅಂದ. ಮುಚ್ಚಿರೋ ಹೋಟೆಲಿಗೆ ಕರೆದು ತಮಾಷೆ ನೋಡಿದ್ದೀಯ ಅಂದ್ಕೊಂಡೆ. ಮನೆಗೆ ಹೋಗಿ ಟಿಕೆಟ್ ಬುಕ್ ಮಾಡ್ದೆ."

"ಅಯ್ಯೋ ದೇವರೇ," ಎಂದೆ.   ಆಮೇಲೆ ಅವಳು ಮೊದಲು ನಕ್ಕಳೋ ನಾನೋ, ಗೊತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದು ನಕ್ಕೆವು.

"ನಮ್ಮ ಸೂಪು!" ಎಂದು ಅವಳೇ ಎದ್ದು ಓಡಿದಳು.

ಮೂವತ್ತೆರಡು ಜನರನ್ನು ಹುಡುಕಿದ ಕಥೆ ಕೇಳಬೇಡಿ. ಕೆಲವರು ಚರ್ಚಿನಲ್ಲಿ, ಕೆಲವರು ಟೋಪಿ ಅಂಗಡಿಯಲ್ಲಿ. ಆರು ಜನ ದೋಣಿ ಹತ್ತಿ ಆಚೆ ದಡಕ್ಕೇ ಹೋಗಿಬಿಟ್ಟಿದ್ದರು. ಮದಾಮ್ ಪೆರ್ರೋ ಒಂದು ಹೋಟೆಲಲ್ಲಿ ಆಗಲೇ ಆರ್ಡರ್ ಕೊಟ್ಟು ಕೂತಿದ್ದಳು. ವಿಷಯ ಕೇಳಿ, "ಸರಿ, ಎರಡೂ ಕಡೆ ತಿಂತೀನಿ. ಈ ವಯಸ್ಸಿಗೆ ನನಗೆ ಯಾರು ಹೇಳೋರು?" ಎಂದಳು.

ಡೋರಿಸ್ ಬೈಯುತ್ತಲೇ ಸೂಪು ಬಿಸಿ ಮಾಡಿದಳು, ಬೈಯುತ್ತಲೇ ಮಾಂಸದ ಪೈ ಬಡಿಸಿದಳು. ಡ್ರೈವರ್, ಗೈಡ್ ಊಟ ಯಾವಾಗಲೂ ಅಡುಗೆಮನೆ ಪಕ್ಕದ ಸಣ್ಣ ಮೇಜಿನಲ್ಲಿ. ಎದುರುಬದುರು ಕೂತೆವು. ನನಗಂತೂ ಎಲ್ಲ ಸರಿಹೋಯಿತು ಅಂತ ಖುಷಿಯೋ ಖುಷಿ.

"ಹಾಗಾದ್ರೆ ಟಿಕೆಟ್ ಕ್ಯಾನ್ಸಲ್ ಮಾಡು," ಎಂದೆ.

ಅವಳು ಚಮಚ ಕೆಳಗಿಟ್ಟಳು. "ಪದ ಸರಿಹೋಯ್ತು ರೆಮಿ. ಆದ್ರೆ ನೀನು ಒಂದು ಫೋನ್ ಯಾಕೆ ಮಾಡ್ಲಿಲ್ಲ?"

"ನೀನೂ ಮಾಡ್ಲಿಲ್ಲ."

"ನಿಜ, ತಪ್ಪು ನಂದೂ ಇದೆ. ಆದ್ರೆ ಕೇಳು. ನಾಂತ್‌ನಲ್ಲಿ ಒಬ್ಬನ ಜೊತೆ ಎರಡು ವರ್ಷ ಇದ್ದೆ. ಸಿಟ್ಟು ಬಂದ್ರೆ ವಾರಗಟ್ಲೆ ಮಾತು ಬಿಡ್ತಿದ್ದ. ಗೋಡೆ ಜೊತೆ ಸಂಸಾರ ಮಾಡಿದ ಹಾಗಿತ್ತು. ಬೆಳಿಗ್ಗೆ ನೀನು 'ಮದಾಮ್' ಅಂದಾಗ ಅದೇ ಗೋಡೆ ಕಾಣಿಸ್ತು. ನನಗೆ ನೀನು ಇಷ್ಟ, ಸುಳ್ಳು ಹೇಳಲ್ಲ. ಆದ್ರೆ ಇನ್ನೊಂದು ಗೋಡೆ ಮಾತ್ರ ಬೇಡಪ್ಪ. ಹೋಗ್ತೀನಿ ಅಂತಲೇ ಜಿನೆಟ್‌ಗೆ ಹೇಳೋದು."

ನಾನು ಏನಾದರೂ ಹೇಳಬೇಕಿತ್ತು. ಬಾಯಲ್ಲಿ ಪೈ ಇತ್ತು. ಅದನ್ನು ನುಂಗುವಷ್ಟರಲ್ಲಿ ಯಾರೋ ಬಂದು ಟಾಯ್ಲೆಟ್ ಎಲ್ಲಿದೆ ಎಂದು ಕೇಳಿದರು, ಅವಳು ಎದ್ದು ಹೋದಳು.

ಐದಕ್ಕೆ ವಾಪಸ್ ಹೊರಟೆವು. ಹೆದ್ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಕಟ್ಟಿದೆ, ಕೆಡವಿದೆ. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅವಳ ಹತ್ತಿರ ಹೋದೆ. ಈಗ ಹೇಳುತ್ತೇನೆ ಅಂದುಕೊಂಡೆ. ಅವಳೂ ಕಾದಳು, ಕಣ್ಣು ನನ್ನ ಮುಖದ ಮೇಲೇ ಇತ್ತು.

"ಸಕ್ಕರೆ ಎಷ್ಟು ಹಾಕ್ಲಿ?" ಎಂದೆ.

"ಬೇಡ," ಎಂದಳು. ಕಣ್ಣು ಇಳಿಯಿತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಎಂಟಕ್ಕೆ ಮಾಂಟ್ರಿಯಲ್. ಜನ ಒಬ್ಬೊಬ್ಬರೇ ಇಳಿದರು. ಮದಾಮ್ ಪೆರ್ರೋ ಕೊನೆಯಲ್ಲಿ ಇಳಿಯುತ್ತಾ ನನ್ನ ಭುಜ ತಟ್ಟಿ, "ಏನಾದ್ರೂ ಹೇಳೋ ಮಾರಾಯ," ಎಂದಳು. ಬಸ್ ಖಾಲಿಯಾಯಿತು. ಸೊಲೆನ್ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದಳು. ಸ್ಪೀಕರ್‌ನಲ್ಲಿ ಜಿನೆಟ್ ಧ್ವನಿ ಕೇಳಿತು. "ಹೇಳಮ್ಮಾ, ಏನು ತೀರ್ಮಾನ ಮಾಡ್ದೆ?"

"ಜಿನೆಟ್, ನಾನು..."

"ತಡಿ!" ಎಂದೆ. ಸೀಟು ಬೆಲ್ಟ್ ಬಿಚ್ಚದೆಯೇ ಏಳಲು ಹೋಗಿ ಮತ್ತೆ ಕೂತೆ. ಕೂತೇ ಹೇಳಿದೆ. ಕಟ್ಟಿಟ್ಟ ಮಾತೊಂದೂ ನೆನಪಿಗೆ ಬರಲಿಲ್ಲ.

"ಭಾನುವಾರ ಫೋನ್ ಕೈಯಲ್ಲೇ ಇತ್ತು ಸೊಲೆನ್. ನಂಬರ್ ಒತ್ತೋಕೆ ಹೆದರಿಕೆ ಆಯ್ತು. ಹಾಲು ಸಾಗಿಸೋನ ಜೊತೆ ಇವಳ್ಯಾಕೆ ಬರ್ತಾಳೆ ಅಂತ ಶನಿವಾರ ರಾತ್ರೀನೇ ಅಂದ್ಕೊಂಡಿದ್ದೆ. ಫೋನ್ ಮಾಡಿದ್ರೆ ನೀನು ಅದನ್ನೇ ಹೇಳಿಬಿಡ್ತೀಯ ಅಂತ ಭಯ. ಸಿಟ್ಟು ಅಂತ ಎಲ್ಲರಿಗೂ ತೋರಿಸ್ಕೊಂಡೆ. ಸಿಟ್ಟಲ್ಲ ಅದು, ಬರೀ ಹೆದರಿಕೆ. ಈಗ್ಲೂ ಹೆದರಿಕೆ ಆಗ್ತಿದೆ. ನನಗೆ ನೀನಂದ್ರೆ ಪ್ರಾಣ. ಹೋಗ್ಬೇಡ. ನಾನು ಮತ್ತೆ ಯಾವತ್ತಾದ್ರೂ ಮಾತು ಬಿಟ್ರೆ ಬೈಯಿ, ತಲೆ ಮೇಲೆ ಮೊಟಕು. ಆದ್ರೆ ಇಲ್ಲೇ ಇದ್ದು ಬೈಯಿ."

ನನ್ನ ಜನ್ಮದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದವನಲ್ಲ.  ಅವಳ ತಲೆ ಒಂದು ಕಡೆ ವಾಲಿತು, ಕಣ್ಣು ಕಿರಿದಾಯಿತು.

ಫೋನಿನಿಂದ ಜಿನೆಟ್ ಕೆಮ್ಮಿದಳು. "ಹನ್ನೆರಡು ವರ್ಷದ ಮಾತು ಒಟ್ಟಿಗೇ ಆಡಿದನಲ್ಲೇ ಇವನು! ಹುಡುಗೀ, ಏನಾದ್ರೂ ಹೇಳು, ನಾನು ಮನೆಗೆ ಹೋಗ್ಬೇಕು."

"ಅಕ್ಟೋಬರ್‌ವರೆಗೆ ಬರ್ಕೊಳ್ಳಿ," ಎಂದಳು ಸೊಲೆನ್.  ಫೋನ್ ಇಟ್ಟು ಎರಡು ಮೆಟ್ಟಿಲು ಮೇಲೆ ಹತ್ತಿ ಬಂದಳು, ನನ್ನ ಕೈ ಹಿಡಿದಳು, ಮುಂದಿನ ಸೀಟಿನಲ್ಲಿ ಕೂತಳು.

"ಇಳಿಯಲ್ವಾ? ನಾನು ಬಸ್ ಡಿಪೋಗೆ ಬಿಡ್ಬೇಕು," ಎಂದೆ.

"ಬಿಡು. ನಾನೂ ಬರ್ತೀನಿ." ಬೆಲ್ಟ್ ಹಾಕಿಕೊಂಡು, ಕಣ್ಣೊರೆಸಿಕೊಂಡು, ಕನ್ನಡಿಯಲ್ಲಿ ನೇರ ನನ್ನನ್ನೇ ನೋಡಿದಳು. "ಆದ್ರೆ ಸುಮ್ನೆ ಓಡಿಸ್ಬೇಡ. ಮಾತಾಡ್ತಾ ಓಡ್ಸು."