ಸೀಲಿನೊಳಗಿನ ಬೇರೆ ಕಲ್ಲು

ಮಂಗಳವಾರ ಬೆಳಗ್ಗೆ 10.20ಕ್ಕೆ ಕಲ್ಲು ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥೆ ಠಾಣೆಗೆ ಬಂದರು. ಸುರಂಗದ ಚಾವಣಿ ಕುಸಿದು ಕೆಲಸಗಾರನೊಬ್ಬ ಸತ್ತ ಪ್ರಕರಣದಲ್ಲಿ ಸಾಕ್ಷ್ಯವಾಗಿದ್ದ ಚಾವಣಿಯ ಕಲ್ಲು ಕಾಣೆಯಾಗಿತ್ತು. ಅದನ್ನಿಟ್ಟಿದ್ದ ಪೆಟ್ಟಿಗೆಯ ಸೀಲು ಹಾಗೇ ಇತ್ತು; ಒಳಗಿದ್ದದ್ದು ಬೇರೆ ಕಲ್ಲು. ಕುಸಿತಕ್ಕೆ ಮುಂಚಿನ ಪರೀಕ್ಷೆಯಲ್ಲಿ ಗಟ್ಟಿ ಎಂದು ಬಂದಿದ್ದ ಚಾವಣಿಯನ್ನು ಅತಿಯಾಗಿ ಮದ್ದು ಸಿಡಿಸಿ ಕೆಡವಿದನೆಂದು ಮೇಸ್ತ್ರಿ ಜೈಲು ಸೇರಿದ್ದ. ಆ ಕಲ್ಲನ್ನು ಮತ್ತೆ ಪರೀಕ್ಷಿಸದೆ ಅವನಿಗೆ ಬಿಡುಗಡೆಯಿಲ್ಲ.

“ಇನ್ನೊಂದ್ ವಿಷ್ಯ, ಸಾರ್. ನಗ್ಬೇಡಿ. ಮೂರು ದಿನದಿಂದ ಊಟದ ಹೊತ್ತಲ್ಲಿ, ಬೀಗ ಹಾಕಿದ ಕಲ್ಲಿನ ಕೋಣೇಲಿ ಟಕ್ ಟಕ್ ಅಂತ ಸದ್ದು.”

“ಪರೀಕ್ಷೆ ಮಾಡಿದ್ಯಾರು?”

“ಅವನು ರಜೇಲಿದಾನೆ. ಸತ್ತೋನು ಅವನ ಒಡಹುಟ್ಟಿದ ತಮ್ಮ, ಪಾಪ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಮುಖ್ಯಸ್ಥೆ ಮತ್ತು ಹೆಡ್ ಕಾನ್‌ಸ್ಟೆಬಲ್ ಜೊತೆ ಪ್ರಯೋಗಾಲಯಕ್ಕೆ ಹೊರಟರು. ಈ ಹೆಡ್ ಕಾನ್‌ಸ್ಟೆಬಲ್ ಕಳ್ಳರ ಮುಂದೆ ಹುಲಿ, ದೆವ್ವದ ಮಾತೆತ್ತಿದರೆ ಇಲಿ.

1.10. ಟಕ್. ಬೀಗ ತೆಗೆದರು. ಒಳಗೆ ಯಾರೂ ಇಲ್ಲ. ಮತ್ತೆ ಟಕ್. ಅದೇ ಅಂತರ, ಅದೇ ಜೋರು.

“ಸಾರ್, ಹೋಗೋಣ ಬನ್ನಿ.”

“ಬಾಯ್ಮುಚ್ಕೊಂಡು ಗೋಡೆಗೆ ಕಿವಿ ಇಡ್ರೀ.”

ಸದ್ದು ಗೋಡೆಯಾಚೆಯ ಹಳೆ ಉಗ್ರಾಣದ್ದು. ಅಲ್ಲಿ ಪರೀಕ್ಷಕ ನೆಲದ ಮೇಲೆ ಕೂತಿದ್ದ. ಕಲ್ಲನ್ನು ಒಡೆಯದೆ ಗಟ್ಟಿತನ ಅಳೆಯುವ ಸ್ಪ್ರಿಂಗ್ ಸುತ್ತಿಗೆಯನ್ನು ಒತ್ತಿ, ಅದು ಪುಟಿದಾಗ ತೋರಿಸಿದ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದ. “ಐವತ್ತೆರಡು. ನೋಡೋ, ಐವತ್ಮೂರು.” ಎದುರಿಗೆ ಯಾರೂ ಇರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಬೆನ್ನ ಹಿಂದೆ ಸರಿದರು.

ಕಾಣೆಯಾಗಿದ್ದ ಕಲ್ಲು ಅದೇ; ಮುಖ್ಯಸ್ಥೆ ಅದನ್ನು ತಿರುಗಿಸಿ ನೋಡಿದರು. ಹತ್ತು ಜಾಗದಲ್ಲಿರಬೇಕಾದ ಏಟಿನ ಗುರುತು ಒಂದೇ ಕಡೆ ಇತ್ತು.

“ಒಂದೇ ಜಾಗಕ್ಕೆ ಹೊಡೀತಾ ಹೋದ್ರೆ ಅಲ್ಲಿ ಒತ್ತಿ ಬಿಗಿಯಾಗುತ್ತೆ, ಸಾರ್. ಮೆತ್ತಗಿನ ಕಲ್ಲೂ ಗಟ್ಟಿ ಅಂತ ತೋರ್ಸುತ್ತೆ.”

ಇನ್‌ಸ್ಪೆಕ್ಟರ್ ಪರೀಕ್ಷಕನತ್ತ ತಿರುಗಿದರು. “ಯಾಕೆ ಹಾಗ್ ಮಾಡ್ದೆ?”

“ಅವತ್ತು ಅವಸರ ಇತ್ತು. ಸುತ್ತಿಗೆ ಸರಿಸ್ಲಿಲ್ಲ.”

“ಕಲ್ಲು ಬದಲಾಯಿಸಿದ್ದು?”

“ಸೀಲ್ ಹಾಕೋಕ್ ಮುಂಚೆ. ಪೆಟ್ಟಿಗೇಲಿ ಇಟ್ಟಿದ್ದೇ ನಾನು.”

“ಮೇಸ್ತ್ರಿ ಜೈಲಲ್ಲಿದಾನೆ ಕಣೋ!”

ಅವನು ಸುತ್ತಿಗೆಯನ್ನು ಕಲ್ಲಿನ ಪಕ್ಕಕ್ಕಿಟ್ಟು ಎದ್ದ.

2.40ಕ್ಕೆ ಪಂಚನಾಮೆ ಮುಗಿಸಿ ಅವನನ್ನು ಬಂಧಿಸಲಾಯಿತು. ಮೇಸ್ತ್ರಿಯ ವಿಷಯವಾಗಿ ಸಂಜೆಯೇ ನ್ಯಾಯಾಲಯಕ್ಕೆ ವರದಿ ಹೋಯಿತು. ಪರೀಕ್ಷಕನ ಹೇಳಿಕೆಯ ಕೊನೆಯಲ್ಲಿ ಹೀಗಿತ್ತು: “ಚಾವಣಿ ಕುಸಿದ ದಿನ ತಮ್ಮ ಫೋನ್ ಮಾಡಿದ್ದ. ಅಣ್ಣಾ, ಮೇಲಿಂದ ಪುಡಿ ಉದುರ್ತಿದೆ, ಒಳಗ್ ಹೋಗ್ಲಾ ಅಂದ. ಕಲ್ಲು ನಾನೇ ನೋಡಿದೀನಿ, ಹೋಗೋ ಪುಕ್ಕಲ ಅಂದೆ.”

ಓದಿ ಹೇಳಿ ಸಹಿಗೆ ಪೆನ್ನು ಕೊಟ್ಟಾಗ ಅವನು ಕೈ ಮುಗಿದ.

“ಪುಕ್ಕಲ ಅನ್ನೋದೊಂದು ತೆಗೀರಿ, ಸಾರ್. ಅಮ್ಮಂಗೆ ಗೊತ್ತಾಗ್ಬಾರ್ದು ಅಂತಾನೇ ಇಷ್ಟೆಲ್ಲ ಮಾಡಿದ್ದು.”

ಹೇಳಿಕೆಯಲ್ಲಿ ಒಂದಕ್ಷರವನ್ನೂ ತೆಗೆಯುವಂತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಅಮ್ಮ ಆಗಲೇ ಬಂದು ಕೂತಿದ್ದಳು.