ಟ್ಯಾಂಕ್ ನೋಡಲು ಬಂದವಳು

ಇಲಾಖೆಯ ಜೀಪು ಬಂಕಿನೊಳಗೆ ತಿರುಗಿದ ಸದ್ದಿಗೇ ಅಲ್ಮಾಸ್‌ಳ ಕೈ ದುಪಟ್ಟಾಗೆ ಹೋಯಿತು. ಅದನ್ನು ಸರಿಮಾಡಿಕೊಂಡು, ಕೌಂಟರಿನ ಗಾಜಿನಲ್ಲಿ ಮುಖ ನೋಡಿಕೊಂಡು, ಯಾರು ಬಂದರೂ ತನಗೇನು ಎನ್ನುವವಳಂತೆ ನಿಧಾನವಾಗಿ ಹೊರಗೆ ಬಂದಳು.

ಇಳಿದದ್ದು ಪ್ರತಿ ಸಲ ತಪಾಸಣೆಗೆ ಬರುತ್ತಿದ್ದ ಮುಸ್ತಕೀಮ್ ಅಲ್ಲ. ನೀಲಿ ಕುರ್ತಾ ತೊಟ್ಟು, ಕೂದಲನ್ನು ಎತ್ತಿ ಕಟ್ಟಿದ್ದ ಒಬ್ಬ ಹುಡುಗಿ.

"ನಾನು ಅನುಷಾ. ಇನ್ಮೇಲೆ ಈ ಬಂಕ್ ನಂದು," ಎಂದು ನಕ್ಕಳು. "ಅಂದ್ರೆ, ತಪಾಸಣೆ ನಂದು."

"ಮತ್ತೆ ಸರ್?"

"ಅವನು ಜೀಪಲ್ಲೇ ಇದ್ದಾನೆ."

ಅವನು! ಅಲ್ಮಾಸ್ ಜೀಪಿನ ಕಡೆ ನೋಡಿದಳು. ಮುಸ್ತಕೀಮ್ ಒಂದು ಸಲ ತಲೆಯಾಡಿಸಿ, ತಕ್ಷಣ ಮೊಬೈಲಿಗೆ ಕಣ್ಣು ಇಳಿಸಿದ.

ಅಬ್ಬಾನ ಮಂಡಿ ಕೈಕೊಟ್ಟ ಮೇಲೆ ಭದ್ರಾವತಿಯ ಈ ಪೆಟ್ರೋಲ್ ಬಂಕನ್ನು ಅಲ್ಮಾಸ್ ಒಬ್ಬಳೇ ನಡೆಸುತ್ತಿದ್ದಳು. ನೆಲದಡಿ ಹೂತ ಟ್ಯಾಂಕುಗಳು ಸೋರಿದರೆ ಸುತ್ತಲಿನ ಮಣ್ಣು, ನೀರು ಎರಡೂ ಕೆಡುತ್ತವೆ. ಹಾಗಾಗಿ ಶಿವಮೊಗ್ಗದ ಪರಿಸರ ಕಚೇರಿಯಿಂದ ಆಗಾಗ ಬಂದು ಪರೀಕ್ಷಿಸುತ್ತಿದ್ದರು. ಬರುತ್ತಿದ್ದವನು ಮುಸ್ತಕೀಮ್. ಟ್ಯಾಂಕಿನ ಬಾಯಿಂದ ಅಳತೆಯ ಕೋಲು ಇಳಿಸಿ, ಮೇಲಕ್ಕೆತ್ತಿ, ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವನು ಕೋಲು ನೋಡುವಷ್ಟು ಹೊತ್ತೂ ಅಲ್ಮಾಸ್ ಅವನನ್ನು ನೋಡುತ್ತಿದ್ದಳು.

"ಎಷ್ಟಿದೆ ಸರ್?"

"ನೀವು ಹೀಗೆ ಎದುರಿಗೆ ನಿಂತ್ರೆ ಎಷ್ಟಿದೆ ಅಂತ ಓದೋದು ಹೇಗೆ, ಅಲ್ಮಾಸ್ ಅವರೇ?"

ಹಾಗೆ ಒಮ್ಮೆ ಹೇಳಿದ್ದ. ಆಮೇಲೆ ಕಿವಿಯವರೆಗೆ ಕೆಂಪಾಗಿ ಎರಡು ಸಲ ಕೆಮ್ಮಿದ್ದ. ಆ ಒಂದು ಮಾತನ್ನು ಅಲ್ಮಾಸ್ ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು.

ಈಗ ಅನುಷಾ ಕೋಲು ಇಳಿಸಿದಳು, ಎತ್ತಿದಳು, ಹಿಂದಿನ ತಿಂಗಳ ಲೆಕ್ಕದ ಜೊತೆ ತಾಳೆ ನೋಡಿದಳು. ಎರಡನೇ ಟ್ಯಾಂಕಿನ ಹತ್ತಿರ ಅವಳ ಹುಬ್ಬು ಗಂಟಾಯಿತು. ನಂತರ ಜೀಪಿನ ಬಳಿ ಹೋಗಿ, ಕಿಟಕಿಯಲ್ಲಿ ಕೈ ಹಾಕಿ, ಮುಸ್ತಕೀಮನ ಬಾಟಲಿ ತೆಗೆದು ಗಟಗಟ ನೀರು ಕುಡಿದಳು. ಅವನು ಬಾಟಲಿಯ ಮುಚ್ಚಳ ತಿರುಗಿಸಿ ವಾಪಸ್ ಇಟ್ಟುಕೊಂಡ.

"ಅನು, ಬೇಗ. ಸೋಗಾನೆ ಕಡೆ ಇನ್ನೂ ಹೋಗ್ಬೇಕು," ಎಂದ.

ಅನು! ತನಗೆ ಮಾತ್ರ 'ಅಲ್ಮಾಸ್ ಅವರೇ'.

ಜೀಪು ಹೋದ ಮೇಲೂ ಅವಳ ಕಣ್ಣ ಮುಂದೆ ಆ ಬಾಟಲಿಯೇ ಇತ್ತು.

*

ಎರಡನೇ ಟ್ಯಾಂಕಿನ ಪೆಟ್ರೋಲು ಇರಬೇಕಾದದ್ದಕ್ಕಿಂತ ಕಡಿಮೆ ಇದೆ, ಒತ್ತಡ ತುಂಬಿ ಸೋರಿಕೆ ಪರೀಕ್ಷೆ ಮಾಡಬೇಕು ಎಂದು ಅನುಷಾಳಿಂದ ಫೋನ್ ಬಂತು. ಮರುದಿನವೇ ಅಲ್ಮಾಸ್ ಶಿವಮೊಗ್ಗದ ಬಸ್ ಹತ್ತಿದಳು. ಕೇಳಬೇಕಾದದ್ದು ಟ್ಯಾಂಕಿನ ವಿಷಯ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಕಚೇರಿಯ ಎದುರಿನ ಕ್ಯಾಂಟೀನಿನಲ್ಲಿ ಇಬ್ಬರೂ ಸಿಕ್ಕರು. ನಡುವೆ ಒಂದೇ ತಟ್ಟೆ, ಅದರಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ಅನುಷಾ ಏನೋ ಹೇಳುತ್ತಿದ್ದಳು. ಮುಸ್ತಕೀಮ್ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ. ಭದ್ರಾವತಿಯಲ್ಲಿ ಅವನು ಒಂದು ದಿನವೂ ಹಾಗೆ ನಕ್ಕಿರಲಿಲ್ಲ.

ಅಲ್ಮಾಸ್‌ಳನ್ನು ಕಂಡೊಡನೆ ಅವನ ನಗು ನಿಂತಿತು. ಅದು ಅವಳನ್ನು ಇನ್ನಷ್ಟು ಚುಚ್ಚಿತು. ಅವನು ಎದ್ದು ಹೊರಗೆ ಬಂದ.

"ನಮ್ಮ ಬಂಕ್ ಯಾಕೆ ಬಿಟ್ಟುಕೊಟ್ರಿ ಸರ್?"

"ಈಗ ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ."

"ಹಾಗಿಲ್ಲವೋ, ಮನಸ್ಸಿಲ್ಲವೋ?"

"ಈಗ ಕೇಳ್ಬೇಡಿ, ಅಲ್ಮಾಸ್ ಅವರೇ. ಈ ಟೆಸ್ಟ್ ಎಲ್ಲ ಮುಗೀಲಿ."

"ಮುಗಿಯೋದೇನು? ನಿಮ್ಮ ಅನು ನಮ್ಮ ಬಂಕೇ ಮುಗಿಸ್ತಾಳೆ. ನೀವು ಜೀಪಲ್ಲಿ ಕೂತು ನೋಡಿ."

ಅವನ ಮುಖ ಬಾಡಿತು. ಅವಳು ಹಿಂದಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಅವನು ಬಂದು ತಡೆಯುತ್ತಾನೇನೋ ಎಂದು ತಿರುವಿನವರೆಗೂ ಹೆಜ್ಜೆ ಸಣ್ಣಗೆ ಹಾಕಿದಳು. ಅವನು ಬರಲಿಲ್ಲ.

*

ಪರೀಕ್ಷೆಯ ದಿನ ಅನುಷಾ ಒಬ್ಬಳೇ ಬಂದಳು. ಟ್ಯಾಂಕಿನ ಬಾಯಿ ಬಿಗಿದು, ಒಳಗೆ ಒತ್ತಡ ತುಂಬಿ, ಮೀಟರಿನ ಮುಳ್ಳು ನೋಡುತ್ತ ಕೂತರು. ಮುಳ್ಳು ನಿಲ್ಲಲಿಲ್ಲ. ಮೆಲ್ಲಗೆ, ಯಾರಿಗೂ ಗೊತ್ತಾಗಬಾರದು ಎನ್ನುವ ಹಾಗೆ, ಕೆಳಗೆ ಜಾರಿತು.

ಅನುಷಾ ಮುಳ್ಳಿನಿಂದ ಕಣ್ಣು ತೆಗೆದು, "ಇನ್ನೊಂದು ಸಲ ಮಾಡ್ತೀನಿ," ಎಂದಳು. ಮತ್ತೆ ಎಲ್ಲ ಬಿಚ್ಚಿ, ಬಿಗಿದು, ತುಂಬಿದಳು. ಮತ್ತೆ ಮುಳ್ಳು ಜಾರಿತು.

"ಈ ಟ್ಯಾಂಕ್ ಇವತ್ತೇ ನಿಲ್ಲಿಸಿಬಿಡಿ ಅಲ್ಮಾಸ್. ಸೋರ್ತಾ ಇದೆ."

"ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಬೇರೆ ಯಾರಾದ್ರೂ ಬಂದು ನೋಡ್ಲಿ. ಅಲ್ಲೀತನಕ ನಿಲ್ಲಿಸೋದಿಲ್ಲ."

ಮನೆಯಲ್ಲಿ ಅಬ್ಬಾ ನಸರುಲ್ಲಾ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. "ಬೇಟಿ, ಅದು ನಿನ್ನ ಅಮ್ಮಿ ಮದುವೆಯಾಗಿ ಬಂದ ವರ್ಷ ಹೂತ ಟ್ಯಾಂಕು. ತುಕ್ಕು ತಿಂದಿದ್ರೂ ತಿಂದಿರಬಹುದು."

"ತುಕ್ಕಲ್ಲ ಅಬ್ಬಾ. ಅವಳಿಗೆ ನನ್ನ ಕಂಡ್ರೆ ಆಗೋದಿಲ್ಲ."

"ಅವಳಿಗೋ, ನಿನಗೋ?" ಎಂದರು ಅಬ್ಬಾ. ಅಲ್ಮಾಸ್ ಒಳಗೆ ಹೋದಳು. ಆ ಸಂಜೆಯೇ ಅನುಷಾಳ ಮೇಲೆ ಕಚೇರಿಗೆ ಆಕ್ಷೇಪಣೆ ಬರೆದು ಕಳಿಸಿದಳು. ಅದರ ವಿಚಾರಣೆ ಆಗುವವರೆಗೆ ಟ್ಯಾಂಕು ಮುಚ್ಚಿಸುವ ಆದೇಶ ನಿಂತಿತು. ಎರಡನೇ ಟ್ಯಾಂಕಿನಿಂದ ಪೆಟ್ರೋಲ್ ಮಾರಾಟ ನಡೆದೇ ಇತ್ತು. ಗೆದ್ದೆ ಎಂದುಕೊಂಡಳು ಅಲ್ಮಾಸ್. ಆದರೆ ಪ್ರತಿ ಬೆಳಿಗ್ಗೆಯೂ ಶಿವಮೊಗ್ಗದ ಗೋಪಾಳದಲ್ಲಿರುವ ಮುಸ್ತಕೀಮನ ಮನೆಯಿಂದ ಕಚೇರಿಯವರೆಗೆ ಅವನ ಬೈಕಿನ ಹಿಂದೆ ಯಾರು ಕೂತಿರುತ್ತಾರೆ ಎಂದು ಯೋಚಿಸುವುದು ಬಿಡಲಿಲ್ಲ.

*

ಬಂಕಿನ ಹಿಂದಿನ ಮನೆ ವಿಶಾಲಮ್ಮನದು. ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಇಡ್ಲಿ ಮಾಡಿ ಮಾರುತ್ತಿದ್ದಳು. ಅಲ್ಮಾಸ್ ಚಿಕ್ಕವಳಿದ್ದಾಗ ಶಾಲೆಯಿಂದ ಬಂದರೆ ಅವಳ ಜಗಲಿಯಲ್ಲೇ ತಿಂಡಿ. ಒಂದು ಬೆಳಿಗ್ಗೆ ವಿಶಾಲಮ್ಮ ಚೊಂಬು ಹಿಡಿದು ಬಂಕಿಗೆ ಬಂದಳು.

"ಮಗಾ, ಇದನ್ನ ಸ್ವಲ್ಪ ಮೂಸಿ ನೋಡು."

ಅಲ್ಮಾಸ್ ಮೂಸಿದಳು. ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪೊರೆ ಆಡುತ್ತಿತ್ತು.

"ಬಾವಿದಾ?"

"ಹೂಂ. ವಾರದಿಂದ ಹಿಂಗೇ. ಇಡ್ಲಿ ತಿಂದವರು ಮುಖ ಕಿವುಚ್ತಾರೆ. ಆ ಅನುಷಾ ಮೇಡಮ್ಮು ಬಂದು ನೀರು ಕುಡೀಬೇಡಿ ಅಂತ ಹೇಳಿ ಹೋದ್ರು. ನಿನಗೆ ಹೇಳೋಕೆ ಮನಸ್ಸು ಬರ್ಲಿಲ್ಲ ಮಾರಾಯ್ತಿ. ನಮ್ಮ ಹುಡುಗಿ ಬಂಕು ಮುಚ್ಚೋದು ನನ್ನಿಂದ ಆಗ್ಬಾರ್ದು ಅಂತ."

ಅಲ್ಮಾಸ್‌ಗೆ ಎಲ್ಲ ಅರ್ಥವಾಯಿತು. ತಾನು ಒಂದು ಬಾಟಲಿ ನೀರಿಗೆ, ಒಂದು ತಟ್ಟೆ ಬಜ್ಜಿಗೆ ಉರಿದುಕೊಂಡಿದ್ದಾಗ ಪೆಟ್ರೋಲು ಸದ್ದಿಲ್ಲದೆ ಈ ಹೆಂಗಸಿನ ಬಾವಿಗೆ ಇಳಿಯುತ್ತಿತ್ತು. ಚೊಂಬನ್ನು ಕೆಳಗಿಟ್ಟು ವಿಶಾಲಮ್ಮನ ಎರಡೂ ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಮ್ಮಾ. ಇವತ್ತಿಂದ ನಿಮ್ಮನೆಗೆ ಟ್ಯಾಂಕರ್ ನೀರು ನಾನು ತರಿಸ್ತೀನಿ."

ಆ ಗಳಿಗೆಯೇ ಎರಡನೇ ಟ್ಯಾಂಕಿನ ಪಂಪು ನಿಲ್ಲಿಸಿದಳು. ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಂಡಳು. ಕೊನೆಗೆ, ಜಗತ್ತಿನಲ್ಲಿ ತಾನು ಎಂದೂ ಒತ್ತಬಾರದೆಂದುಕೊಂಡಿದ್ದ ನಂಬರನ್ನು ಒತ್ತಿದಳು.

"ಅನುಷಾ ಮೇಡಂ, ಬನ್ನಿ. ನೀವು ಹೇಳಿದ್ದು ನಿಜ."

*

ಉಳಿದಿದ್ದ ಪೆಟ್ರೋಲನ್ನೆಲ್ಲ ಖಾಲಿ ಮಾಡಿ, ಕಾಂಕ್ರೀಟ್ ಒಡೆದು, ಕ್ರೇನಿನಲ್ಲಿ ಟ್ಯಾಂಕನ್ನು ಮೇಲೆತ್ತಿದರು. ಅಡಿಯ ಬೆಸುಗೆಯ ಉದ್ದಕ್ಕೂ ತುಕ್ಕು ಹಿಡಿದು ಸಣ್ಣ ಸಣ್ಣ ತೂತುಗಳಾಗಿದ್ದವು. ಹೆಲ್ಮೆಟ್ ಹಾಕಿಕೊಂಡು ಅಲ್ಮಾಸ್, ಅನುಷಾ ಇಬ್ಬರೂ ಗುಂಡಿಯ ಅಂಚಿನಲ್ಲಿ ನಿಂತಿದ್ದರು.

"ನಿಮ್ಮ ಮೇಲೆ ಕೆಟ್ಟದಾಗಿ ಬರೆದುಬಿಟ್ಟೆ," ಎಂದಳು ಅಲ್ಮಾಸ್.

"ಓದಿದೆ. ಪೂರ್ತಿ ಸುಳ್ಳೇನಲ್ಲ." ಅನುಷಾ ಗುಂಡಿಯನ್ನೇ ನೋಡುತ್ತಿದ್ದಳು. "ಅವತ್ತು ಮೊದಲ ಸಲ ಮುಳ್ಳು ಇಳಿದಾಗ ನನಗೆ ಒಳಗೊಳಗೇ ಖುಷಿಯಾಯ್ತು. ಆ ಖುಷಿ ನೋಡಿ ನನಗೇ ಭಯ ಆಯ್ತು. ಅದಕ್ಕೇ ಎರಡನೇ ಸಲ ಮಾಡಿದ್ದು."

"ಖುಷಿ ಯಾಕೆ?"

"ಇನ್ಯಾಕೆ? ಅವನು ನನಗೂ ಇಷ್ಟ ಇದ್ದ. ಒಂದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವನು, 'ಅನು, ನನ್ನ ಮನಸ್ಸು ಭದ್ರಾವತಿಯಲ್ಲಿದೆ' ಅಂದ. ಆ ಭದ್ರಾವತಿ ಹೇಗಿದೆ ನೋಡೋಣ ಅಂತ ಬಂದೆ."

ಅಲ್ಮಾಸ್ ಅನುಷಾಳ ಕಡೆ ತಿರುಗಿದಳು. ತಾನು ಯಾರನ್ನು ಕಂಡು ಕುದಿದಿದ್ದಳೋ ಅವಳು ತನ್ನನ್ನು ಕಂಡು ಕುದಿದಿದ್ದಳು. ಆದರೂ ಸರಿಯಾದ ಕೆಲಸ ಮಾಡಿದ್ದಳು.

"ಹಾಗಾದ್ರೆ ನಮ್ಮ ಬಂಕ್ ಯಾಕೆ ಬಿಟ್ಟರು?"

"ಅದನ್ನ ಅವನ ಬಾಯಿಂದಲೇ ಕೇಳಿ. ಅಷ್ಟು ಸುಲಭ ಮಾಡಿಕೊಡೋಕೆ ನನ್ನಿಂದ ಆಗೋದಿಲ್ಲ," ಎಂದು ಅನುಷಾ ನಕ್ಕಳು.

*

ಎರಡು ಪದರದ ಹೊಸ ಟ್ಯಾಂಕು ಬಂತು. ಕೆಟ್ಟ ಮಣ್ಣನ್ನು ತೆಗೆಸಿದರು. ವಿಶಾಲಮ್ಮನ ಬಾವಿಯನ್ನು ಮತ್ತೆ ಮತ್ತೆ ಖಾಲಿ ಮಾಡಿ ನೀರಿನ ಪರೀಕ್ಷೆ ನಡೆಸಿದರು. ನೀರು ಚೆನ್ನಾಗಿದೆ ಎಂದು ಅನುಷಾ ಬರೆದುಕೊಟ್ಟ ವಾರವೇ, ಒಂದು ಸಂಜೆ, ಬಂಕಿನೊಳಗೆ ಜೀಪಲ್ಲ, ಒಂದು ಬೈಕು ತಿರುಗಿತು. ಅದರ ಹಿಂದೆ ಯಾರೂ ಇರಲಿಲ್ಲ.

"ಎಷ್ಟು ಹಾಕ್ಲಿ ಸರ್?"

"ಪೆಟ್ರೋಲ್ ಬೇಡ. ಮಾತಾಡಬೇಕಿತ್ತು."

"ಈಗ ಮಾತಾಡೋ ಹಾಗಿದೆಯಾ?"

"ಇದೆ." ಮುಸ್ತಕೀಮ್ ಹೆಲ್ಮೆಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನಿಮ್ಮ ಟ್ಯಾಂಕಿನ ಲೆಕ್ಕ ತಪ್ತಾ ಇದೆ ಅಂತ ನನಗೆ ಮೊದಲೇ ಅನುಮಾನ ಬಂತು. ಕೊನೇ ಸಲ ಬಂದಾಗ ಕೋಲು ಹಿಡಿದು, ಇದು ಸರಿಯಾಗಿರಲಿ ದೇವರೇ ಅಂತ ಬೇಡಿಕೊಂಡೆ. ತಪಾಸಣೆ ಮಾಡೋನು ಹಾಗೆ ಬೇಡಿಕೊಳ್ಳಬಾರದು. ಸಾಹೇಬರ ಹತ್ರ ಹೋಗಿ, ಆ ಬಂಕ್ ಬೇರೆಯವರಿಗೆ ಕೊಡಿ, ಆ ಮನೆಗೆ ಸಂಬಂಧ ಕೇಳಬೇಕು ಅಂತಿದ್ದೀನಿ ಅಂದೆ."

ಅಲ್ಮಾಸ್ ಒಂದು ಹೆಜ್ಜೆ ಮುಂದೆ ಬಂದಳು. "ಸಾಹೇಬರಿಗೆ ಹೇಳೋಕಾಯ್ತು. ನನಗೆ ಹೇಳೋಕೆ ಏನಾಗಿತ್ತು?"

"ಬಂಕಿನ ಹಣೆಬರಹ ನಮ್ಮ ಕಚೇರಿಯಲ್ಲಿ ಕೂತಿರೋವಾಗ ಬಂದು ಕೇಳಿದ್ರೆ, ನೀವು ಇಷ್ಟಪಟ್ಟು ಹೂಂ ಅಂದ್ರೋ, ಹೆದರಿ ಹೂಂ ಅಂದ್ರೋ, ನನಗೆ ಹೇಗೆ ಗೊತ್ತಾಗಬೇಕು?"

ಅವಳು ಅವನನ್ನು ನೋಡಿದಳು. ಕಣ್ಣು ತುಂಬಿ ಬಂದದ್ದಕ್ಕೆ ಸಿಟ್ಟು ಮಾಡಿಕೊಂಡು ಬೇರೆ ಕಡೆ ತಿರುಗಿದಳು.

"ನಾನು ಎಷ್ಟು ಉರ್ಕೊಂಡೆ ಗೊತ್ತಾ? ನನ್ನ ಉರಿಗೆ ವಿಶಾಲಮ್ಮನ ಬಾವಿ ಹಾಳಾಯ್ತು."

"ಗೊತ್ತು. ನೀವೇ ಫೋನ್ ಮಾಡಿ ಕರೆಸಿದ್ದೂ ಗೊತ್ತು. ಅವತ್ತು ಅನು ಬಂದು, 'ನಿನ್ನ ಭದ್ರಾವತಿ ಪರವಾಗಿಲ್ಲ ಕಣೋ' ಅಂದಳು."

ಆ ಹೆಸರು ಕೇಳಿ ಅಲ್ಮಾಸ್‌ಗೆ ಮೊದಲ ಸಲ ಎದೆ ಉರಿಯಲಿಲ್ಲ. ಸ್ವಲ್ಪ ನೋವಾಯಿತು, ಅವಳಿಗಾಗಿ.

"ಅಬ್ಬಾ ಒಳಗಿದ್ದಾರೆ," ಎಂದಳು ಮೆಲ್ಲಗೆ. "ಕೇಳೋದಿದ್ರೆ ಹೋಗಿ ಕೇಳಿ."

"ಮೊದಲು ನಿಮ್ಮನ್ನ ಕೇಳ್ತಾ ಇದ್ದೀನಿ."

"ಹೆದರಿ ಅಲ್ಲ," ಎಂದಳು. "ಇಷ್ಟಪಟ್ಟು. ಹೂಂ."

ಮುಸ್ತಕೀಮ್ ಕಿವಿಯವರೆಗೆ ಕೆಂಪಾದ. ಇಬ್ಬರೂ ಮನೆಯ ಕಡೆ ನಡೆದರು. ಅವನು ಏನಾದರೂ ಹೇಳಬೇಕೆಂಬ ಅವಸರದಲ್ಲಿ ಹೇಳಿದ, "ತಪಾಸಣೆಗೆ ಅಂತ ಭದ್ರಾವತಿ ಕಡೆ ಇನ್ನು ನಾನು ಬರೋ ಹಾಗಿಲ್ಲ. ಸಾಗರದ ಕಡೆ ಬಂಕುಗಳನ್ನ ನನಗೆ ಕೊಟ್ಟಿದ್ದಾರೆ."

ಅಲ್ಮಾಸ್ ಗಕ್ಕನೆ ನಿಂತಳು.

"ಸಾಗರದ ಬಂಕುಗಳನ್ನ ಯಾರ್ಯಾರು ನಡೆಸ್ತಾರೆ?"

"ಎಲ್ಲ ಗಂಡಸರೇ, ಮಾರಾಯ್ತಿ!"

ಅವಳು ಅವನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದಳು. ಆಮೇಲೆ ಬಾಗಿಲು ತೆರೆದು, "ಅಬ್ಬಾ, ಯಾರೋ ಬಂದಿದ್ದಾರೆ," ಎಂದು ಕೂಗಿದಳು.